ಮಾವ ತೋರಿಸದ ನಗು

ವಿನೆಗರ್ ವಾಸನೆ ಮೂಗಿಗೆ ಬಡಿದರೆ ಬೇರೆಯವರಿಗೆ ಅಡುಗೆಮನೆ ನೆನಪಾಗಬಹುದು, ನನಗೆ ದೋಹಾ ಪಕ್ಕದ ಅಲ್ ವಕ್ರಾದ ನಮ್ಮ ಹಳೇ ಫ್ಲ್ಯಾಟಿನ ಬಚ್ಚಲುಮನೆ ನೆನಪಾಗುತ್ತದೆ. ಮೆಸಯೀದ್‌ನ ಕಾರ್ಖಾನೆಯಲ್ಲಿ ಟೆಕ್ನಿಶಿಯನ್ ಆಗಿದ್ದ ಮಾವ, ಎಂದರೆ ಅಮ್ಮನ ಅಣ್ಣ, ನಮ್ಮೊಂದಿಗೇ ಇದ್ದರು. ಶುಕ್ರವಾರ ಬಂತೆಂದರೆ ಬಚ್ಚಲಿಗೆ ಕೆಂಪು ಬಲ್ಬು ಹಾಕಿ, ಕಿಟಕಿಗೆ ಕಪ್ಪು ಬಟ್ಟೆ ಹೊದಿಸಿ ವಿನೆಗರ್‌ನಂತೆ ನಾರುವ ದ್ರಾವಣದಲ್ಲಿ ಫೋಟೋ ತೊಳೆಯಲು ನಿಲ್ಲುತ್ತಿದ್ದರು. ಹೊರಗೆ ಅಪ್ಪ ಹೆಗಲಿಗೆ ಟವೆಲು ಹಾಕಿಕೊಂಡು, "ಯಲ್ಲಾ ಭಾವ, ಬೇಗ ಬನ್ನಿ, ನಮಗೆ ಇವತ್ತು ಸ್ನಾನ ಉಂಟಾ ಇಲ್ವಾ?" ಎಂದು ಬಾಗಿಲು ಬಡಿಯುವರು. ಒಳಗೆ ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಟ್ರೇಯಲ್ಲಿ ಮುಳುಗಿದ ಬಿಳಿ ಕಾಗದದ ಮೇಲೆ ಮೊದಲು ಒಂದು ಹುಬ್ಬು, ಆಮೇಲೆ ಇಡೀ ಮುಖ ಮೂಡಿ ಬರುತ್ತಿತ್ತು. ಅಬ್ಬಾ, ಆ ಖುಷಿಯೇ!

ಒಂದು ವರ್ಷ ಯಂತ್ರ ಜೋಡಿಸುವ ಕೆಲಸಕ್ಕೆಂದು ಮಾವ ಉತ್ತರ ಕೊರಿಯಾಕ್ಕೆ ಹೋಗಿ ಬಂದರು. ಹೊರಗಿನವರಿಗೆ ಬಾಗಿಲು ಮುಚ್ಚಿಕೊಂಡ ಕಮ್ಯುನಿಸ್ಟ್ ದೇಶ. ಎಲ್ಲಿಗೆ ಹೋದರೂ ಜೊತೆಗೊಬ್ಬ ಕಾವಲಿನವ. ಅವನು ಬೇಡವೆಂದದ್ದನ್ನು ತೆಗೆಯುವಂತಿಲ್ಲ. ಆದರೂ ಮಾವ ತಂದದ್ದು ಎಂಥ ಚಿತ್ರಗಳು! ಮಗುವಿನ ಶೂ ಲೇಸು ಕಟ್ಟುವ ತಾಯಿ, ಬಸ್ಸಿಗೆ ಕಾದು ನಿಂತವರು, ಎಲೆಕೋಸಿನ ರಾಶಿಯ ಪಕ್ಕ ದಣಿವಾರಿಸಿಕೊಳ್ಳುವ ಅಜ್ಜಿ. "ಅಷ್ಟು ದೂರ ಹೋಗಿ ಒಂದು ದೊಡ್ಡ ಪ್ರತಿಮೆ ಸಹ ಇಲ್ವಾ ಅಣ್ಣ?" ಎಂದರು ಅಮ್ಮ. "ಪ್ರತಿಮೆ ಅಲ್ಲೇ ಇರ್ತದೆ ಮಾರಾಯ್ತಿ, ಅಜ್ಜಿ ಸಂಜೆಗೆ ಎದ್ದು ಹೋಗ್ತಾರೆ" ಎಂದರು ಮಾವ. ಎಲ್ಲಕ್ಕಿಂತ ಚೆಂದದ ಚಿತ್ರ ಆ ಕಾವಲಿನವನದೇ. ಮಾವ ಕೊಟ್ಟ ಮಾವಿನಕಾಯಿ ಉಪ್ಪಿನಕಾಯಿ ಬಾಯಿಗಿಟ್ಟು, ಖಾರಕ್ಕೆ ಕಣ್ಣೀರು ಸುರಿಸುತ್ತಾ ಬಾಯ್ತುಂಬ ನಗುತ್ತಿದ್ದ. ಮಾವ ಕ್ಯಾಮೆರಾ ಎತ್ತಿದ್ದು ಕಂಡರೂ ತಡೆಯಲಿಲ್ಲವಂತೆ.

ದೋಹಾದಲ್ಲಿ ನಮ್ಮೂರಿನವರೆಲ್ಲ ಸೇರಿ ಆ ಚಿತ್ರಗಳ ಪ್ರದರ್ಶನ ಇಡಿಸಿದಾಗ, ನಗುವ ಚಿತ್ರವನ್ನೇ ಬಾಗಿಲ ಎದುರು ಹಾಕಬೇಕೆಂದು ಅಪ್ಪ ಹಟ ಹಿಡಿದರು. "ಬೇಡ ಭಾವ. ಅದು ಅವರ ಸರಕಾರದ ಯಾರ ಕಣ್ಣಿಗಾದ್ರೂ ಬಿದ್ರೆ ಅಲ್ಲಿ ಅವನ ಕತೆ ಖಲಾಸ್" ಎಂದು ಮಾವ ಅದನ್ನು ಮನೆಯಲ್ಲೇ ಬಿಟ್ಟು ಬಂದರು. ಬಂದವರು ಹೊಗಳಿದರು, ನಿಜ. ಆದರೆ ಹಿರಿಯರೊಬ್ಬರು ಎಲ್ಲರೆದುರು, "ಎಂಥದು ಮಾರಾಯ್ರೆ, ಮೋರೆ ಜೋಲುಹಾಕಿದವರನ್ನೇ ಹುಡುಕಿ ತೆಗೆದದ್ದಾ? ಆ ಊರಲ್ಲಿ ಒಬ್ಬನೂ ನಗುವುದಿಲ್ವಾ?" ಎಂದು ಕೇಳಿಬಿಟ್ಟರು. ಮಾವನ ಮುಖ ಸಣ್ಣದಾಯಿತು. ಮನೆಯಲ್ಲಿಟ್ಟ ಚಿತ್ರದ ಮಾತೆತ್ತಲು ನಾನು ಬಾಯಿ ತೆರೆದೆ. ಮಾವ ನನ್ನ ಕೈ ಒತ್ತಿ ಹಿಡಿದು, "ಹೌದು, ನನಗೆ ಸಿಗಲಿಲ್ಲ" ಎಂದರು.

ಆ ಫ್ಲ್ಯಾಟು ಈಗಿಲ್ಲ, ಬಾಗಿಲು ಬಡಿಯುವ ಅಪ್ಪ ಇಲ್ಲ, ಮಾವನೂ ಹೋದರು. ಆ ನಗುವ ಚಿತ್ರ ನನ್ನ ಕಪಾಟಿನಲ್ಲಿದೆ. ಯಾರಾದರೂ ಆ ದೇಶದ ಮಾತೆತ್ತಿ "ಪಾಪ, ನಗುವೇ ಇಲ್ಲದ ಜನ" ಎಂದಾಗಲೆಲ್ಲ ನನ್ನ ಅಂಗೈಯಲ್ಲಿ ಮಾವನ ಬೆರಳು ಒತ್ತಿದಂತಾಗುತ್ತದೆ. ಹೌದು ಎಂದು ನಾನೂ ತಲೆಯಾಡಿಸುತ್ತೇನೆ.