ಬಲಗಾಲು ಗೇರು, ಎಡಗಾಲು ಬ್ರೇಕು

ಅತ್ತಿಗೆ, ಆವತ್ತು ಕೆರೆ ಏರಿಯ ಮೇಲೆ ಮೋಟಾರ್ ಸೈಕಲ್ ಓಡಿಸುತ್ತಿದ್ದದ್ದು ಅಣ್ಣ ಅಲ್ಲ. ನಾನು. ಅವನ ಕಾಲು ಮುರಿದದ್ದು ನನ್ನಿಂದ. ಇಷ್ಟು ಹೇಳುವುದಕ್ಕೆ ಇಷ್ಟು ವರ್ಷ ಬೇಕಾಯಿತಲ್ಲ—ನನ್ನ ಬಾಯಿಗಿಷ್ಟು ಮಣ್ಣು ಹಾಕ!

ಎಪ್ಪತ್ತರ ದಶಕ ಅದು, ನಿಮಗೆ ನೆನಪಿದೆ. ಬಸರಾಳಿನ ಕಡೆಯ ಒಕ್ಕಲು ಮನೆಯ ಹೆಣ್ಣುಮಗಳು ಸ್ಕೂಟರ್ ಓಡಿಸಿಕೊಂಡು ಮಂಡ್ಯದ ಹೈಸ್ಕೂಲಿಗೆ ಪಾಠ ಹೇಳಲು ಹೋಗುತ್ತಾಳೆಂದರೆ ಅರಳಿಕಟ್ಟೆಯ ಜನ ಮಾತು ನಿಲ್ಲಿಸಿ ನೋಡುತ್ತಿದ್ದರು. "ಒಂದ್ಸಲ ಬಿದ್ದು ಬಾ, ಅವತ್ತೇ ಮಾರಾಕ್ಬುಡ್ತೀನಿ," ಅಂತ ಅಪ್ಪ ದಿನಾ ಗದರಿಸುತ್ತಿದ್ದರು. ನಮ್ಮೂರಿನ ಬಸ್ಸು ಯಾವತ್ತು ಹೊತ್ತಿಗೆ ಬಂದಿತ್ತು? ಸ್ಕೂಟರ್ ಹೋದರೆ ನನ್ನ ಕೆಲಸವೂ ಹೋದ ಹಾಗೆಯೇ.

ಅಣ್ಣನ ಮೋಟಾರ್ ಸೈಕಲ್ಲಿನ ಗತ್ತೇ ಬೇರೆ. ಕಬ್ಬಿನ ಗದ್ದೆಗಳ ನಡುವೆ, ಎತ್ತಿನ ಗಾಡಿಗಳು ಕೊರೆದ ಜಾಡಿನಲ್ಲಿ, ಬೆನ್ನು ನೆಟ್ಟಗೆ ಇಟ್ಟುಕೊಂಡು ಮೊಣಕಾಲಲ್ಲೇ ಗಾಡಿಯನ್ನು ಅತ್ತಿತ್ತ ಮಣಿಸುತ್ತಿದ್ದ. ಅಬ್ಬಾ, ಏನು ಚೆಂದ! ನಾನು ಸ್ಕೂಟರಿನ ಮೇಲೆ ಕುರ್ಚಿಯಲ್ಲಿ ಕೂತ ಹಾಗೆ, ಕಾಲು ಜೋಡಿಸಿ, ಸೆರಗು ಸಿಕ್ಕಿಸಿ ಕೂರುವವಳು. ಎಡಗೈಯಲ್ಲಿ ಗೇರು ತಿರುವಬೇಕು. ಪುಟ್ಟ ಚಕ್ರ, ಒಂದು ಕಲ್ಲು ಸಿಕ್ಕರೆ ಮುಗ್ಗರಿಸುತ್ತದೆ. ಅವನ ಗಾಡಿ ಕಲ್ಲನ್ನು ಲೆಕ್ಕಕ್ಕೇ ಇಡುತ್ತಿರಲಿಲ್ಲ. ನನಗೆ ಹೊಟ್ಟೆಕಿಚ್ಚು, ಅತ್ತಿಗೆ. ಸುಳ್ಳೇಕೆ ಹೇಳಲಿ.

ನೀವು ಹೆರಿಗೆಗೆಂದು ಕೊಕ್ಕರೆ ಬೆಳ್ಳೂರಿನ ತವರಿಗೆ ಹೋಗಿದ್ದಿರಿ. ಗಂಡು ಮಗುವಾಯಿತೆಂದು ಸುದ್ದಿ ಬಂದ ಭಾನುವಾರ ಅಣ್ಣ ನನ್ನನ್ನೂ ಹಿಂದೆ ಕೂರಿಸಿಕೊಂಡು ಹೊರಟ. ಮದ್ದೂರು ದಾಟಿ ನಿಮ್ಮೂರಿನ ಕಡೆ ತಿರುಗಿದರೆ ರಸ್ತೆಯಲ್ಲಿ ನರಪಿಳ್ಳೆ ಇಲ್ಲ. ನಾನು ವರಾತ ಶುರುಮಾಡಿದೆ—ಒಂದೇ ಒಂದು ಸಲ ಕೊಡಣ್ಣ, ಅಂತ.

"ಸ್ಕೂಟ್ರು ಬ್ಯಾರೆ, ಇದು ಬ್ಯಾರೆ ಕಣವ್ವ. ಅದ್ರಲ್ಲಿ ಬಲಗಾಲಲ್ಲಿ ಬ್ರೇಕು. ಇದ್ರಲ್ಲಿ ಬಲಗಾಲು ಗೇರು, ಎಡಗಾಲು ಬ್ರೇಕು. ಮರ್ತ್ ಬುಟ್ಟೀಯ."

"ಮರ್ಯಕ್ಕೆ ನಾನೇನ್ ಕೂಸಾ? ಎರಡಕ್ಕೂ ಇರೋದು ಎರಡೇ ಚಕ್ರ ತಾನೆ!"

ಅವನು ನಕ್ಕು ಇಳಿದ. ನಾನು ಸೀರೆಯನ್ನು, ನಾಟಿ ಹಾಕುವ ಹೆಂಗಸರಂತೆ, ಮೇಲೆತ್ತಿ ಕಚ್ಚೆ ಕಟ್ಟಿ ಹತ್ತಿದೆ. ಅವನು ಹಿಂದೆ ಕೂತ.

ಆ ಸ್ವಲ್ಪ ದೂರ—ಹೇಗೆ ಹೇಳಲಿ? ಅದರ ಗುಡುಗುಡು ಕಿವಿಗೆ ಕೇಳುವುದಲ್ಲ, ಎದೆಗೂಡಿನೊಳಗೇ ಆಗುವುದು. ಸ್ಕೂಟರನ್ನು ನಾನು ಓಡಿಸುತ್ತಿದ್ದೆ. ಇದು ನನ್ನನ್ನೇ ಎತ್ತಿಕೊಂಡು ಹೋಗುತ್ತಿತ್ತು. ಕೆರೆ ಏರಿಗೆ ಬಂದಾಗ ನಿಮ್ಮೂರಿನ ಹುಣಸೆಮರಗಳ ಕಡೆಗೆ ಕೊಕ್ಕರೆಗಳ ದೊಡ್ಡ ಹಿಂಡು ಇಳಿಯುತ್ತಿತ್ತು, ಬಾಯಲ್ಲಿ ಕಡ್ಡಿ ಕಚ್ಚಿಕೊಂಡು, ನಮ್ಮ ತಲೆಯ ಮೇಲೆಯೇ. ಅಷ್ಟು ದೊಡ್ಡ ರೆಕ್ಕೆಗಳು, ಅಷ್ಟು ಹತ್ತಿರ! ಬಾಯಿ ಬಿಟ್ಟುಕೊಂಡು ಮೇಲೆ ನೋಡಿದೆ.

ಕಣ್ಣಿಳಿಸಿದರೆ ಎದುರಿಗೇ ಎಮ್ಮೆಕರು. ಪ್ರಾಣಭಯದಲ್ಲಿ ಬಲಗಾಲನ್ನು ಬಲವಾಗಿ ಒತ್ತಿದೆ—ಸ್ಕೂಟರಿನಲ್ಲಿ ಒತ್ತುವ ಹಾಗೆಯೇ. ಬ್ರೇಕು ಎಲ್ಲಿತ್ತು ಅಲ್ಲಿ? ಗೇರು ಬಿತ್ತು, ಗಾಡಿ ಜಗ್ಗಿ ಮುಂದಕ್ಕೇ ನುಗ್ಗಿತು. ಕರುವನ್ನು ತಪ್ಪಿಸಲು ಹೋಗಿ ಏರಿಯ ಅಂಚಿಗೆ ವಾಲಿತು. ಅಣ್ಣ ಹಿಂದಿನಿಂದ ನನ್ನನ್ನು ಹುಲ್ಲಿನ ಮೇಲೆ ತಳ್ಳಿ, ಗಾಡಿಯನ್ನು ತಡೆಯಲು ತನ್ನ ಕಾಲು ಕೊಟ್ಟ. ಅಷ್ಟು ಭಾರವೂ ಅದರ ಮೇಲೆಯೇ ಬಿತ್ತು.

ನನಗೆ ಮೊಣಕೈ ತರಚಿತ್ತು, ಅಷ್ಟೆ. ಅವನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ದೂರದಿಂದ ಜನ ಓಡಿ ಬರುತ್ತಿದ್ದರು, ಮುಂದೆ ನಿಮ್ಮ ತಂದೆ. ಆಗ ಅಣ್ಣ ಹಲ್ಲು ಕಚ್ಚಿಕೊಂಡು ಏನು ಹೇಳಿದ ಗೊತ್ತೇ?

"ಮೊದ್ಲು ಸೀರೆ ಇಳಿಸ್ಕೋ. ಜನ ಬತ್ತಾವ್ರೆ."

ಕಾಲು ಮುರಿದುಕೊಂಡು ಬಿದ್ದವನಿಗೆ ಆ ಯೋಚನೆ ಹೇಗೆ ಬಂತು? ನಾನು ಕಚ್ಚೆ ಬಿಚ್ಚಿ ನೆರಿಗೆ ಸರಿಮಾಡಿಕೊಂಡೆ. ಆ ಗಳಿಗೆಯಲ್ಲೇ ನನ್ನ ಸುಳ್ಳು ಶುರುವಾಯಿತು.

"ಯಾರಪ್ಪ ಓಡಿಸ್ತಿದ್ದೋರು?" ಅಂತ ಗುಂಪಿನಲ್ಲಿ ಯಾರೋ ಕೇಳಿದರು.

"ನಾನೇ ಕಣಪ್ಪ. ಕೊಕ್ಕರೆ ನೋಡ್ಕಂಡು ಮೈ ಮರ್ತ್ಬುಟ್ಟೆ."

ಎಲ್ಲರೂ ನನ್ನ ಕಡೆ ನೋಡಿದರು. ಸ್ಕೂಟರ್ ಮಾರುತ್ತೇನೆಂಬ ಅಪ್ಪನ ಮಾತು ನೆನಪಾಯಿತು. ನಾನು ಹೂಂ ಅಂದೆ. ಅತ್ತಿಗೆ, ಬರೀ ಸುಮ್ಮನಿದ್ದೆ ಅಂತ ಇಷ್ಟು ಕಾಲ ನನಗೆ ನಾನೇ ಹೇಳಿಕೊಂಡಿದ್ದೆ—ಇಲ್ಲ, ನಾನು ಬಾಯಿ ಬಿಟ್ಟು ಹೂಂ ಅಂದೆ.

ಮುಂದಿನದು ನಿಮಗೆ ಗೊತ್ತು. ಕಾಲಿಗೆ ಕಟ್ಟು ಹಾಕಿಸಿಕೊಂಡು ಬಂದವನಿಂದ ನೀವು ಕೂಸಿನ ತಲೆ ಮುಟ್ಟಿಸಿ ಆಣೆ ಮಾಡಿಸಿದಿರಿ, ಇನ್ನು ಮೋಟಾರ್ ಸೈಕಲ್ ಮುಟ್ಟುವುದಿಲ್ಲ ಅಂತ. ನೀವು ಮಾಡಿದ್ದು ತಪ್ಪಲ್ಲ, ಬಾಣಂತಿಯ ಹೆದರಿಕೆ ಅದು. ಅವನು ಮಾರಿಬಿಟ್ಟ. ಆಮೇಲೆ ಮಂಡ್ಯಕ್ಕೆ ಹೋಗುವುದಿದ್ದರೆ ನನ್ನ ಸ್ಕೂಟರಿನ ಹಿಂದೆ, ಸೆಟೆದ ಕಾಲನ್ನು ಹೊರಗೆ ಚಾಚಿಕೊಂಡು ಕೂರುತ್ತಿದ್ದ. ನಾನು ಬ್ರೇಕ್ ಒತ್ತಿದಾಗಲೆಲ್ಲ ಈಗ ಏನಾದರೂ ಅಂದಾನು ಅಂತ ಕಾಯುತ್ತಿದ್ದೆ. "ಚೆನ್ನಾಗ್ ಓಡಿಸ್ತೀಯ ಕಣವ್ವ," ಅನ್ನುತ್ತಿದ್ದ. ಎಂಥ ಮನುಷ್ಯ ಅತ್ತಿಗೆ, ನಿಮ್ಮ ಗಂಡ!

ನಾನು ನಿವೃತ್ತಳಾದ ಮೇಲೆ ಒಮ್ಮೆ ಕೇಳಿದೆ, ಈಗಲಾದರೂ ಅತ್ತಿಗೆಗೆ ಹೇಳಿಬಿಡಲೇ ಅಂತ. "ಬುಡತ್ಲಾಗೆ. ಅವ್ಳಿಗೆ ನನ್ ಬಯ್ಯಕ್ಕೆ ಏನಾರ ಒಂದ್ ಬೇಕಲ್ಲ," ಅಂದು ನಕ್ಕುಬಿಟ್ಟ. ನಾನೂ ನಕ್ಕೆ. ನಾಚಿಕೆಗೆಟ್ಟವಳು, ನಕ್ಕುಬಿಟ್ಟೆ.

ಹೋದ ವಾರ ನಿಮ್ಮ ಮನೆಗೆ ಬಂದಿದ್ದೆ. ಅಣ್ಣ ಗೋಡೆ ಹಿಡಿದು ಜಗುಲಿಯಿಂದ ಇಳಿಯುತ್ತಿದ್ದ. "ಕುಣೀರಿ ಇನ್ನೂ! ಕಟ್ಕಂಡೋಳು ಹೆತ್ತು ಮಲಗಿರುವಾಗ ಕೊಕ್ಕರೆ ನೋಡ್ಕಂಡು ಗಾಡಿ ಓಡಿಸಿದ್ರಲ್ಲ, ಅನುಭವಿಸಿ," ಅಂತ ನೀವು ಬೈದು, ಅಳುತ್ತಲೇ ಅವನ ತೋಳು ಹಿಡಿದುಕೊಂಡಿರಿ. ಆ ಅಳು ನನ್ನದಾಗಬೇಕಿತ್ತು. ಅವನು ತಲೆ ತಗ್ಗಿಸಿ ಮೆಟ್ಟಿಲಿಳಿದ, ನನ್ನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

ಕ್ಷಮಿಸಿ ಅಂತ ಕೇಳುವುದಿಲ್ಲ. ಅವನನ್ನು ಬೈಯುವುದನ್ನು ನಿಲ್ಲಿಸಿ, ಅಷ್ಟು ಸಾಕು. ಬೈಗುಳವೇನಾದರೂ ಉಳಿದಿದ್ದರೆ ನಾನೇ ಬರುತ್ತೇನೆ, ಅವನೆದುರಿಗೇ ನಿಂತು ಕೇಳಿಸಿಕೊಳ್ಳುತ್ತೇನೆ.