ಮಂಚದ ಪಕ್ಕಕ್ಕೆ ಬಾರದ ಸಿಗ್ನಲ್

ಮೂವತ್ತಮೂರು ವರ್ಷ ನಾನು ಟೆಲಿಫೋನ್ ಲೈನ್‌ಮನ್ ಆಗಿದ್ದೆ. ವಿಜಯನಗರದಿಂದ ಸುಂಕದಕಟ್ಟೆಯವರೆಗೆ ನಾನು ಹತ್ತದ ಕಂಬವಿಲ್ಲ. ಅಂಥವನ ಮನೆಯಲ್ಲೇ, ಹಾಲ್‌ನಿಂದ ಮಲಗುವ ಕೋಣೆಗೆ, ಇಪ್ಪತ್ತು ಹೆಜ್ಜೆ ದೂರಕ್ಕೆ ಸಿಗ್ನಲ್ ಹೋಗುವುದಿಲ್ಲ ಎಂದರೆ ಸಿಟ್ಟು ಬರುತ್ತದೋ ಇಲ್ಲವೋ ನೀವೇ ಹೇಳಿ.

ಹೆಂಡತಿಗೆ ಎಡಮಂಡಿಯ ಆಪರೇಷನ್ ಆಗಿತ್ತು. ಬಗ್ಗಬಾರದು, ನೆಲದ ಮೇಲೆ ಕೂರಬಾರದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಇವಳಿಗೋ ಕಸ ಗುಡಿಸದ ಮನೆಯಲ್ಲಿ ಹಣೆಗೆ ವಿಭೂತಿ ಹಚ್ಚಲು ಮನಸ್ಸು ಬರುವುದಿಲ್ಲ, ವಿಭೂತಿ ಹಚ್ಚದೆ ಗಂಟಲಲ್ಲಿ ಕಾಫಿ ಇಳಿಯುವುದಿಲ್ಲ. ಕೆಲಸದವಳು ಬರುವುದು ಹತ್ತು ಗಂಟೆಗೆ. ನಾನು ಐದೂಮುಕ್ಕಾಲಿಗೆ ವಾಕಿಂಗ್ ಹೊರಟರೆ ಹಾಲು ಹಿಡಿದು ಬರುವಾಗ ಏಳಾಗಿರುತ್ತದೆ. ಅಷ್ಟರಲ್ಲಿ ಇವಳು ಎದ್ದು ಪೊರಕೆ ಹಿಡಿದಾಗಿರುತ್ತದೆ. ಒಂದು ದಿನ ಬಂದು ನೋಡಿದರೆ ಮಂಚದ ಕಾಲು ಹಿಡಿದುಕೊಂಡು ನೆಲದ ಮೇಲೆ ಕುಳಿತಿದ್ದಳು. ಬಿದ್ದಿರಲಿಲ್ಲ, ಮಂಚದ ಕೆಳಗೆ ಗುಡಿಸಲು ಬಗ್ಗಿದವಳಿಗೆ ಮೇಲೇಳಲು ಆಗಿರಲಿಲ್ಲ.

"ಎಷ್ಟೊತ್ತಾಯ್ತೇ ಹೀಗೆ ಕೂತು?"

"ಈಗ್ತಾನೇ ಕೂತೆ ಕಣ್ರೀ."

ಎಬ್ಬಿಸುವಾಗ ಪಾದ ಮುಟ್ಟಿದೆ. ತಣ್ಣಗಾಗಿತ್ತು. ಅವತ್ತು ನಾನು ಹೆದರಿದೆ. ಅವಳೆದುರು ತೋರಿಸಿಕೊಳ್ಳದೆ, ಪೊರಕೆಯನ್ನು ಬೈದೆ.

ವಿಷಯ ತಿಳಿದು ನಾಗರಬಾವಿಯಲ್ಲಿರುವ ಮಗಳು ಒಂದು ರೋಬೋ ತಂದುಕೊಟ್ಟಳು. ದಪ್ಪ ತಟ್ಟೆಯಂಥದ್ದು, ತಾನಾಗಿ ಓಡಾಡಿ ಕಸ ಎಳೆದುಕೊಳ್ಳುತ್ತದೆ. ಹಾಲ್‌ನಲ್ಲಿ ಇಟ್ಟರೆ ಬಂದವರ ಕಾಲಿಗೆ ಸಿಗುತ್ತದೆಂದು ಹೆಂಡತಿ ಒಪ್ಪದಿದ್ದುದರಿಂದ, ಮಲಗುವ ಕೋಣೆಯಲ್ಲಿ ಮಂಚದ ಪಕ್ಕ ಅದಕ್ಕೆ ಜಾಗವಾಯಿತು. ಹಾಸಿಗೆಯಲ್ಲೇ ಕುಳಿತು ಫೋನಿನಲ್ಲಿ ಒತ್ತಿದರೆ ಅದು ಹೊರಡುತ್ತಿತ್ತು, ಬಗ್ಗುವ ಮಾತೇ ಇಲ್ಲ. ಒಂದು ವಾರ ಮನೆಯಲ್ಲಿ ನೆಮ್ಮದಿಯಿತ್ತು. ಮೂಲೆ ಬಿಡುತ್ತದೆ, ಸೋಮಾರಿ, ಅಂತೆಲ್ಲ ಅದಕ್ಕೆ ಬೈಗುಳ ಬೀಳುತ್ತಿದ್ದರೂ ಪೊರಕೆ ಬಾಗಿಲ ಹಿಂದೆಯೇ ಇತ್ತು.

ಆಮೇಲೆ ಫೋನಿನಲ್ಲಿ 'ಆಫ್‌ಲೈನ್' ಎಂದು ಬರತೊಡಗಿತು. ಒತ್ತಿದರೆ ಅದು ಅಲ್ಲಾಡದು. ಅದರ ಬೆನ್ನ ಮೇಲೂ ಒಂದು ಬಟನ್ ಇದೆ, ಆದರೆ ಒತ್ತಲು ನೆಲದವರೆಗೆ ಬಗ್ಗಬೇಕು. ಹೇಗೂ ಬಗ್ಗುವುದಾದರೆ ಪೊರಕೆ ಏನು ಪಾಪ ಮಾಡಿತ್ತು ಎಂಬುದು ಇವಳ ವಾದ. ಮೂರನೆಯ ದಿನ ಹಾಲು ಹಿಡಿದು ಬಂದರೆ ಪೊರಕೆ ಅವಳ ಕೈಯಲ್ಲಿತ್ತು.

ಟೆಕ್ನಿಷಿಯನ್ ಕರೆಸುತ್ತೇನೆ ಎಂದಳು ಮಗಳು. "ನಾನೇನು ಸತ್ತು ಹೋಗಿದೀನೇನೇ?" ಎಂದು ಫೋನಿನಲ್ಲೇ ಹಾರಾಡಿದೆ. ಲೈನ್ ಹುಡುಕುವುದನ್ನು ನನಗೆ ಇನ್ನೊಬ್ಬರು ಕಲಿಸಬೇಕೆ?

ಗೋಡೆಯ ಸ್ವಿಚ್ಚಿನಲ್ಲೇ ರೌಟರ್ ಆಫ್ ಮಾಡಿ ಆನ್ ಮಾಡಿದೆ. ಪಾಸ್‌ವರ್ಡನ್ನು ನಾಲ್ಕು ಸಲ ತಪ್ಪು ಒತ್ತಿ, ಐದನೇ ಸಲ ಸರಿ ಮಾಡಿದೆ. ರೌಟರಿನ ಎರಡು ಬಗೆಯ ವೈಫೈಗಳಲ್ಲಿ ಆ ರೋಬೋ ಎರಡು ಪಾಯಿಂಟ್ ನಾಲ್ಕು ಗಿಗಾಹರ್ಟ್ಸ್‌ನದಕ್ಕೆ ಮಾತ್ರ ಸೇರುತ್ತದೆ, ಐದರದಕ್ಕೆ ಸೇರುವುದಿಲ್ಲ ಎಂದು ಮಗಳು ಹೇಳಿದ್ದಳು. ನೋಡಿದೆ, ಅದೂ ಸರಿಯಾಗಿಯೇ ಇತ್ತು. ರೋಬೋವನ್ನು ಎತ್ತಿಕೊಂಡು ಹಾಲ್‌ಗೆ ತಂದರೆ ಮರ್ಯಾದೆಯಾಗಿ ಕನೆಕ್ಟ್ ಆಗುತ್ತದೆ. ಕೋಣೆಗೆ ಒಯ್ದರೆ ಮತ್ತೆ ಆಫ್‌ಲೈನ್. ಲೈನ್‌ಮನ್ ಲೆಕ್ಕ ಇಷ್ಟೇ: ಕಂಬದಲ್ಲಿ ಡಯಲ್ ಟೋನ್ ಇದೆ, ಮನೆಯಲ್ಲಿಲ್ಲ ಅಂದರೆ ಫಾಲ್ಟ್ ನಡುವೆ ಇರಬೇಕು. ನಡುವೆ ಇದ್ದದ್ದು ಕಬ್ಬಿಣದ ಬೀರು. ಅದನ್ನು ಎಳೆದು ಪಕ್ಕಕ್ಕಿಟ್ಟೆ. ನೆಲದ ಮೇಲೆ ಮೊಳದುದ್ದ ಗೀರು ಬಿತ್ತು, ಸಿಗ್ನಲ್ ಮಾತ್ರ ಬರಲಿಲ್ಲ.

ಹೆಂಡತಿ ಕೋಣೆಯಲ್ಲೇ ಕುರ್ಚಿಯಲ್ಲಿ ಕುಳಿತು ಎಲ್ಲವನ್ನೂ ನೋಡುತ್ತಿದ್ದಳು. "ಊರವರ ಫೋನೆಲ್ಲ ರಿಪೇರಿ ಮಾಡಿದ್ರಿ. ನಮ್ಮನೆ ಫೋನು ಎರಡು ತಿಂಗಳು ಡೆಡ್ ಆಗಿದ್ದಾಗ ತಿರುಗೀನೂ ನೋಡ್ಲಿಲ್ಲ. ಈಗ ನೋಡ್ತಿದೀರಲ್ಲ, ಅಷ್ಟೇ ಸಾಕು ಬಿಡಿ" ಎಂದಳು. ತಮಾಷೆಗೇ ಹೇಳಿದ್ದು. ಆದರೆ ಅದು ನಿಜವಾಗಿತ್ತು. ಮಗಳು ಹುಟ್ಟುವ ಮುಂಚಿನ ಮಾತು. ತವರಿಗೆ ಒಂದು ಮಾತಾಡಲು ಇವಳು ತುಂಬು ಬಸುರಿನಲ್ಲಿ ಮುಖ್ಯರಸ್ತೆಯ ಬೂತ್‌ವರೆಗೆ ನಡೆದು ಹೋಗುತ್ತಿದ್ದಳು. ನಾನು ಆಗ ಊರವರ ಕಂಬದ ಮೇಲಿರುತ್ತಿದ್ದೆ. ಬೀರು ಬಿಟ್ಟು ಬಂದು, ಮಂಚದ ಮೇಲಿದ್ದ ಫೋನನ್ನು ಅವಳ ಕೈಗೆ ಕೊಟ್ಟೆ.

ಆಮೇಲೆ, "ಏಳ್ಬೇಡ. ಅಲ್ಲೇ ಫೋನ್ ನೋಡ್ತಿರು. ವೈಫೈ ಎಷ್ಟು ಕಡ್ಡಿ ತೋರಿಸ್ತಿದೆ ಅಂತ ಕೂಗಿ ಹೇಳು" ಎಂದೆ. ನಮ್ಮ ಕೆಲಸದ ಪದ್ಧತಿಯೇ ಹಾಗೆ. ಒಬ್ಬ ಆ ತುದಿಯಲ್ಲಿ ಕೇಳಿಸಿಕೊಳ್ಳಬೇಕು, ಇನ್ನೊಬ್ಬ ಈ ತುದಿಯಲ್ಲಿ ಕೈಯಾಡಿಸಬೇಕು. ಒಬ್ಬನೇ ಹುಡುಕಿದರೆ ಫಾಲ್ಟ್ ಸಿಗುವುದಿಲ್ಲ. ಇಷ್ಟು ದಿನ ನಾನೊಬ್ಬನೇ ಹೆಣಗಾಡಿದ್ದೆ.

ಹಾಲ್‌ಗೆ ಬಂದು ಪೆಟ್ಟಿಗೆಯ ಮುಂದೆ ನಿಂತೆ. ಈ ಪೆಟ್ಟಿಗೆಯ ಬಗ್ಗೆ ಹೇಳಬೇಕು. ಕಂಬಕ್ಕೆ ಹಾಕುತ್ತಿದ್ದ ಹಳೆಯ ಕಬ್ಬಿಣದ ಪೆಟ್ಟಿಗೆ. ನಾನು ರಿಟೈರ್ ಆದ ವರ್ಷ ಗುಜರಿಗೆ ಹೊರಟಿದ್ದನ್ನು ಸಾಹೇಬರನ್ನು ಕೇಳಿ ತಂದಿದ್ದೆ. ರೋಬೋ ಬಂದು ವಾರವಾಗುತ್ತಲೇ, ಇಷ್ಟು ಮುಖ್ಯವಾದ ರೌಟರ್ ಮೇಲೆ ಹಲ್ಲಿ ಓಡಾಡುತ್ತದಲ್ಲ ಎಂದು, ಪೆಟ್ಟಿಗೆಗೆ ಬೂದುಬಣ್ಣ ಬಳಿದು ಗೋಡೆಗೆ ಹೊಡೆದು, ರೌಟರನ್ನು ಒಳಗಿಟ್ಟು ಬಾಗಿಲು ಹಾಕಿದ್ದೆ. ವೈರು ಪೆಟ್ಟಿಗೆಯಲ್ಲಿರಬೇಕು, ಪೆಟ್ಟಿಗೆಗೆ ಬೀಗವಿರಬೇಕು. ಕೆಲಸಕ್ಕೆ ಸೇರಿದ ದಿನ ನನಗೆ ಕಲಿಸಿದ್ದೇ ಅದು. ಬಂದವರಿಗೆಲ್ಲ ತೋರಿಸಿ ಬೀಗಿದ್ದೂ ಉಂಟು.

ಬೀಗ ತೆಗೆದು, ವೈರು ಸಡಿಲವಾಗಿದೆಯೇ ನೋಡಲು ಬಾಗಿಲು ತೆರೆದೆ.

"ಬಂತು! ಮೂರು ಕಡ್ಡಿ!" ಎಂದು ಕೋಣೆಯಿಂದ ಕೂಗಿದಳು.

ನಾನಿನ್ನೂ ಏನನ್ನೂ ಮುಟ್ಟಿರಲಿಲ್ಲ. ಬಾಗಿಲು ಮುಚ್ಚಿದೆ.

"ಅಯ್ಯೋ, ಹೋಯ್ತು ಕಣ್ರೀ."

ತೆರೆದೆ. ಬಂತು. ಮುಚ್ಚಿದೆ. ಹೋಯಿತು. ನಾಲ್ಕನೇ ಸಲಕ್ಕೆ ಅವಳೇ ಕೇಳಿದಳು: "ಏನ್ರೀ, ಆ ಪೆಟ್ಟಿಗೆ ಬಾಗಿಲು ತೆಗೆದು ಹಾಕಿ ಮಾಡ್ತಿದೀರಾ?"

ತಂತಿಯಲ್ಲಿ ಹೋಗುವ ಮಾತನ್ನು ಕಬ್ಬಿಣದಲ್ಲಿ ಮುಚ್ಚಿದರೆ ಅದು ಭದ್ರ. ಗಾಳಿಯಲ್ಲಿ ಹೋಗುವುದನ್ನು ಮುಚ್ಚಿದರೆ ಅದಕ್ಕೆ ಉಸಿರು ಕಟ್ಟುತ್ತದೆ. ಶಾಲೆಯ ಮಕ್ಕಳಿಗೂ ಗೊತ್ತಿರುವ ಇಷ್ಟು ವಿಷಯ, ಮೂವತ್ತಮೂರು ವರ್ಷ ತಂತಿಯನ್ನೇ ನಂಬಿದ ನನ್ನ ತಲೆಗೆ ಹೊಳೆದಿರಲಿಲ್ಲ. ಹಾಲ್‌ನಲ್ಲಿ ಟಿವಿ, ಫೋನು ಎಲ್ಲ ನಡೆಯುತ್ತಿದ್ದುದರಿಂದ ಪೆಟ್ಟಿಗೆಯ ಮೇಲೆ ಅನುಮಾನವೂ ಬಂದಿರಲಿಲ್ಲ. ನಾಚಿಕೆಯಾಯಿತು. ಆದರೆ ಕೋಣೆಯಿಂದ ಅವಳ ನಗು ಕೇಳುತ್ತಿತ್ತು, ಆಪರೇಷನ್ ಆದಮೇಲೆ ಅವಳು ಅಷ್ಟು ನಕ್ಕಿದ್ದು ಅದೇ ಮೊದಲು. ನಾನೂ ನಕ್ಕುಬಿಟ್ಟೆ.

ಸಂಜೆಯೊಳಗೆ ಪೆಟ್ಟಿಗೆ ಇಳಿಸಿದೆ. ಬಿಚ್ಚಿದ ಸ್ಕ್ರೂಗಳನ್ನು ಅದರೊಳಗೇ ಹಾಕಿ ಬೀಗ ಹಾಕಿದೆ. ರೌಟರನ್ನು ಟಿವಿ ಸ್ಟ್ಯಾಂಡಿನ ಮೇಲೆ ಬಯಲಲ್ಲಿ ಇಟ್ಟೆ. ಹಲ್ಲಿ ಬೇಕಾದರೆ ಅದರ ಮೇಲೆ ಸಂಸಾರ ಹೂಡಲಿ.

ಮರುದಿನ ಬೆಳಿಗ್ಗೆ ವಾಕಿಂಗ್‌ನಲ್ಲಿ ಮನಸ್ಸು ನಿಲ್ಲಲಿಲ್ಲ. ಚಂದ್ರಾ ಲೇಔಟ್‌ವರೆಗೂ ಹೋಗದೆ ಅರ್ಧದಲ್ಲೇ ತಿರುಗಿ, ಹಾಲು ಹಿಡಿದು ಬಂದೆ. ಬಾಗಿಲು ತೆಗೆಯುವಾಗಲೇ ಒಳಗಿನಿಂದ ರೋಬೋ ಗುಂಯ್‌ಗುಡುತ್ತಿರುವುದು ಕೇಳಿಸಿತು. ಅವಳು ಹಾಲ್‌ನ ಕುರ್ಚಿಯಲ್ಲಿ ಕುಳಿತಿದ್ದಳು. ಕಾಲು ಸ್ಟೂಲಿನ ಮೇಲೆ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಪೇಪರ್.

"ಮಂಚದ ಕೆಳಗೂ ಹೋಗಿ ಬಂತು. ನಾನು ಬಗ್ಗಿ ನೋಡ್ಲಿಲ್ಲ" ಎಂದಳು, ಪೇಪರಿನಿಂದ ತಲೆಯೆತ್ತದೆ.

ಮದುವೆಯಾಗಿ ಮೂವತ್ತೆಂಟು ವರ್ಷವಾಗಿತ್ತು. ಬೆಳಿಗ್ಗೆ ಹೊತ್ತಿನಲ್ಲಿ ಅವಳು ಹೀಗೆ ಸುಮ್ಮನೆ ಕುಳಿತಿದ್ದನ್ನು ನಾನು ಒಂದು ದಿನವೂ ನೋಡಿರಲಿಲ್ಲ. ಹಾಗೆಯೇ ಒಳಗೆ ಹೋಗಿ, ಅವಳನ್ನು ಕುರ್ಚಿಯಿಂದ ಎಬ್ಬಿಸದೆ, ಕಾಫಿಗೆಂದು ನಾನೇ ಒಲೆಯ ಮೇಲೆ ಹಾಲಿಟ್ಟೆ.