ಪುಸ್ತಕದಲ್ಲಿ ಇಲ್ಲದ ಕುದುರೆ

ನಾಗಪುರದ ಮೆಟ್ರೊದಲ್ಲಿ ಪಕ್ಕದ ಸೀಟಿನ ತಾಯಿ ಮಗಳಿಗೆ ಕನ್ನಡ ಕಾದಂಬರಿ ಓದಿ ಹೇಳುತ್ತಿದ್ದರು. ಇಂದಿನ ಹುಡುಗಿಯೊಬ್ಬಳು ಹಳೆಯ ಸಂಸ್ಕೃತ ನಾಟಕದ ಕಾಲಕ್ಕೆ ಹೋಗಿ ರಾಜನನ್ನು ಪ್ರೀತಿಸುವ ಕಥೆ. ಕುತೂಹಲಕ್ಕೆ ಇಣುಕಿದೆ, ಅವರು ಓದುತ್ತಿದ್ದುದು ಪುಟದಲ್ಲಿ ಇರಲೇ ಇಲ್ಲ.

“ಮಾಲು ಚಲೋ ಇಲ್ಲಂದ್ರ ವಾಪಸ್ ಕೊಡ್ರಿ ತಂಗಿ,” ಎಂದು ಸೀರೆ ವ್ಯಾಪಾರಿಯಾದ ನಾನು ಪುಸ್ತಕ ತೋರಿಸಿ ಮೆಲ್ಲಗೆ ಸಲಹೆ ಕೊಟ್ಟೆ.

“ನಾಯಕಿ ಬರೇ ಅಳ್ತಾಳ್ರಿ ಅಣ್ಣಾರ. ನಮ್ಮ ಹುಡುಗಿಗೆ ಓದಾಕ ಬರೂದು ಅಷ್ಟಕ್ಕಷ್ಟ, ಬ್ಯಾಸರಾದ್ರ ಕನ್ನಡಾನ ಬಿಡ್ತಾಳ.”

ಅಷ್ಟರಲ್ಲಿ ಮಗಳು ಸಾಲಿನ ಮೇಲೆ ಬೆರಳಿಟ್ಟು ಅಕ್ಷರ ಕೂಡಿಸಿದಳು. “ಮಮ್ಮಿ, ಇಲ್ಲಿ ‘ಅಳುತ್ತಾ ಕುಳಿತಳು’ ಅಂತ ಐತಿ. ನೀ ಕುದುರಿ ಹತ್ತಿ ಹೋದ್ಲು ಅಂದಿ.”

ಬೇಡದ ಮಾಲು ಮರಳಿಸಿ ಎಂದು ಎಲ್ಲರಿಗೂ ಹೇಳುವವನು ನಾನು. ಆ ಪುಸ್ತಕವನ್ನು ಮಾತ್ರ ಇಟ್ಟುಕೊಳ್ಳಿ ಎಂದು ಹೇಳಿ ಇಳಿದೆ. ಅಮ್ಮ ಇನ್ನೆಲ್ಲೆಲ್ಲಿ ಸುಳ್ಳು ಓದಿದ್ದಾಳೆಂದು ಹುಡುಗಿ ಹಿಂದಿನ ಪುಟಗಳನ್ನು ತಿರುವುತ್ತಿದ್ದಳು.